ಗೆಲ್ಲುವ ಎಲೆಯನ್ನು ಕೈಯಲ್ಲೇ ತಡೆಯುವ ಆಟ

ನಮ್ಮ ಕಡೆ ಇಸ್ಪೀಟ್ ಆಡುವವರಿಗೆ ಎರಡು ಬಗೆಯ ಆಟಗಳು ಚೆನ್ನಾಗಿ ಗೊತ್ತು. ಕರಾವಳಿಯವರು ಆಡುವ ಇಪ್ಪತ್ತೆಂಟು ಒಂದು ಬಗೆ: ಎದುರುಬದುರು ಕೂತವರು ಜೋಡಿ, ತುರುಪು ಹೇಳಬೇಕು, ಗೆದ್ದ ಎಲೆಗಳ ಅಂಕ ಎಣಿಸಬೇಕು. ಮನೆಮಕ್ಕಳೆಲ್ಲ ಸೇರಿ ಆಡುವ ಕತ್ತೆ ಇನ್ನೊಂದು ಬಗೆ: ಅಲ್ಲಿ ಜೋಡಿಯಿಲ್ಲ, ಅಂಕವಿಲ್ಲ, ಕೈಯಲ್ಲಿರುವ ಎಲೆಗಳನ್ನು ಖಾಲಿ ಮಾಡಿಕೊಂಡು ಪಾರಾದರೆ ಸಾಕು. ಈ ಎರಡರ ಗುಣವನ್ನೂ ಒಂದೇ ಆಟದೊಳಗೆ ಕೂಡಿಸಿದ ಮೂರನೆಯ ಬಗೆಯೊಂದು ಚೀನಾದಲ್ಲಿ ಬೆಳೆದು ಯುರೋಪಿಗೂ ಹೋಗಿದೆ. ನಾಲ್ವರು ಆಟಗಾರರು, ಎರಡು ಜೋಡಿ. ಕೈ ಖಾಲಿ ಮಾಡುವುದೇ ಗುರಿ. ಆದರೆ ನೀವೊಬ್ಬರೇ ಖಾಲಿಯಾದರೆ ಕೆಲಸ ಅರ್ಧ ಮಾತ್ರ ಆದಂತೆ. ಚೀನಾದ ಜಿಯಾಂಗ್ಸು ಪ್ರಾಂತ್ಯದ ಗ್ವಾನ್‌ದಾನ್ ಮತ್ತು ಸ್ವಿಟ್ಜರ್ಲೆಂಡಿನ ಟಿಚು ಈ ಬಗೆಯ ಎರಡು ಪ್ರಸಿದ್ಧ ಆಟಗಳು. ಗೆಳೆಯರು ನಾಲ್ವರು ಕೂತು ಆಡುವ ಆಟಗಳಲ್ಲಿ ಇವಕ್ಕೆ ವಿಶೇಷ ಸ್ಥಾನ ಸಲ್ಲಬೇಕೆಂಬುದು ನನ್ನ ವಾದ. ಇನ್ನೊಬ್ಬರ ಗೆಲುವಿಗಾಗಿ ತನ್ನ ಬಲವನ್ನು ತಡೆಹಿಡಿಯುವುದನ್ನು ಈ ಆಟಗಳು ಆಟಗಾರರ ಒಳ್ಳೆಯತನಕ್ಕೆ ಬಿಟ್ಟಿಲ್ಲ. ಹಾಗೆ ತಡೆಹಿಡಿಯುವುದೇ ಗೆಲ್ಲುವ ದಾರಿ ಆಗುವಂತೆ ನಿಯಮಗಳನ್ನೂ ಅಂಕಗಳನ್ನೂ ಹೊಂದಿಸಿಟ್ಟಿವೆ.

ಮೊದಲು ಆಟದ ನಡೆ ಹೇಗೆಂದು ನೋಡೋಣ. ಒಬ್ಬರು ಎಲೆ ಇಳಿಸುತ್ತಾರೆ. ಅದು ಒಂಟಿ ಎಲೆ ಇರಬಹುದು, ಒಂದೇ ಸಂಖ್ಯೆಯ ಎರಡು ಅಥವಾ ಮೂರು ಎಲೆ ಇರಬಹುದು, ಐದು ಎಲೆಗಳ ಸೀಕ್ವೆನ್ಸ್ ಇರಬಹುದು. ಮುಂದಿನವರು ಅದೇ ಜಾತಿಯ, ಅದಕ್ಕಿಂತ ದೊಡ್ಡದನ್ನು ಹಾಕಬೇಕು. ಇಲ್ಲವೇ ಪಾಸ್ ಎನ್ನಬೇಕು. ಒಂಟಿ ಎಲೆಯ ಮೇಲೆ ಒಂಟಿ ಎಲೆ, ಜೊತೆಯ ಮೇಲೆ ಜೊತೆ, ಹೀಗೆ ಮೇಲಕ್ಕೇರುತ್ತ ಹೋಗಿ ಎಲ್ಲರೂ ಕೈಬಿಟ್ಟಾಗ ಕೊನೆಗೆ ಹಾಕಿದವರಿಗೆ ಹೊಸ ಸುತ್ತು ಶುರುಮಾಡುವ ಹಕ್ಕು. ಒಂದೇ ಸಂಖ್ಯೆಯ ನಾಲ್ಕು ಎಲೆ ಸೇರಿದರೆ ಅದು ಬಾಂಬ್. ಅದು ಯಾವ ಜಾತಿಯ ಎಲೆಗಳನ್ನಾದರೂ ಹೊಡೆಯುತ್ತದೆ. ಹಾಂಗ್‌ಕಾಂಗಿನ ಬಿಗ್ ಟೂ, ವಿಯೆಟ್ನಾಮಿನ ತಿಯೆನ್ ಲೆನ್, ಜಪಾನಿನ ದಾಯ್‌ಫುಗೋ ಎಲ್ಲವೂ ಇದೇ ಕುಟುಂಬದವು. ಅವುಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬರೂ ತಮಗಾಗಿ ತಾವೇ ಆಡುತ್ತಾರೆ. ಗ್ವಾನ್‌ದಾನ್ ಹ್ವಾಯ್‌ಆನ್ ನಗರದ ಕಡೆ ಹುಟ್ಟಿದ ಆಟ. ಜೋಕರ್‌ಗಳೂ ಸೇರಿ ಎರಡು ಕಟ್ಟು, ಒಟ್ಟು 108 ಎಲೆ, ಒಬ್ಬೊಬ್ಬರಿಗೆ 27. ಟಿಚುವನ್ನು ಉರ್ಸ್ ಹೋಸ್ಟೆಟ್ಲರ್ ಚೀನೀ ಆಟಗಳ ಅಡಿಪಾಯದ ಮೇಲೆ ರೂಪಿಸಿದರು. ಫಾಟಾ ಮೊರ್ಗಾನಾ ಎಂಬ ಸ್ವಿಸ್ ಪ್ರಕಾಶನ ಅದನ್ನು 1991ರಲ್ಲಿ ಹೊರತಂದಿತು. ಅದರಲ್ಲಿ ಮಾಮೂಲಿ 52 ಎಲೆಗಳ ಜೊತೆಗೆ ಡ್ರ್ಯಾಗನ್, ಫೀನಿಕ್ಸ್, ನಾಯಿ, ಮಾಜಾಂಗ್ ಎಂಬ ನಾಲ್ಕು ವಿಶೇಷ ಎಲೆಗಳು. ಒಟ್ಟು 56, ಒಬ್ಬೊಬ್ಬರಿಗೆ 14.

ಆಟವೊಂದು ಯಾವುದಕ್ಕೆ ಬೆಲೆ ಕೊಡುತ್ತದೆ ಎಂದು ತಿಳಿಯಬೇಕಾದರೆ ಅದರ ಅಂಕಪಟ್ಟಿ ನೋಡಬೇಕು. ಟಿಚುವಿನಲ್ಲಿ ಐದಕ್ಕೆ 5 ಅಂಕ, ಹತ್ತಕ್ಕೂ ರಾಜನಿಗೂ 10 ಅಂಕ, ಡ್ರ್ಯಾಗನ್‌ಗೆ 25, ಫೀನಿಕ್ಸ್‌ಗೆ ಮೈನಸ್ 25. ಎಲ್ಲ ಕೂಡಿದರೆ ಒಂದು ಕೈಯಾಟದಲ್ಲಿ ಎಲೆಗಳಿಂದ ಸಿಗುವುದು ಸರಿಯಾಗಿ 100 ಅಂಕ. ಆದರೆ ಒಂದು ಜೋಡಿಯ ಇಬ್ಬರೂ ಎದುರಾಳಿಗಳಿಗಿಂತ ಮೊದಲೇ ಖಾಲಿಯಾದರೆ ಎಲೆಗಳನ್ನು ಎಣಿಸುವ ಗೋಜೇ ಇಲ್ಲ. ಆ ಜೋಡಿಗೆ ನೇರ 200. ಅಂದರೆ ಕಟ್ಟಿನಲ್ಲಿರುವ ಅಷ್ಟೂ ಅಂಕಗಳನ್ನು ಬಾಚಿಕೊಂಡದ್ದರ ಎರಡರಷ್ಟು ಬೆಲೆ ಇಬ್ಬರೂ ಒಟ್ಟಿಗೆ ಪಾರಾಗುವುದಕ್ಕೆ. ಗ್ವಾನ್‌ದಾನ್‌ನಲ್ಲಿ ಅಂಕದ ಬದಲು ಮೆಟ್ಟಿಲುಗಳಿವೆ. ಎರಡರಿಂದ ಶುರುವಾಗಿ ಎಕ್ಕದವರೆಗೆ ಏರಬೇಕು. ಜೋಡಿ ಒಂದನೇ ಮತ್ತು ಎರಡನೇ ಸ್ಥಾನದಲ್ಲಿ ಮುಗಿಸಿದರೆ 3 ಮೆಟ್ಟಿಲು, ಒಂದು ಮತ್ತು ಮೂರಾದರೆ 2, ಒಂದು ಮತ್ತು ನಾಲ್ಕಾದರೆ 1. ಲೆಕ್ಕ ಹಾಕಿ ನೋಡಿ: ಇಬ್ಬರೂ ಒಟ್ಟಿಗೆ ಪಾರಾಗುತ್ತ ಹೋದರೆ ನಾಲ್ಕೇ ಕೈಯಾಟದಲ್ಲಿ ಎಕ್ಕ ಮುಟ್ಟಬಹುದು. ಒಬ್ಬರು ಪ್ರತಿಸಲ ಮೊದಲಿಗರಾಗಿ ಇನ್ನೊಬ್ಬರು ಪ್ರತಿಸಲ ಕೊನೆಯವರಾದರೆ ಹನ್ನೆರಡು ಬೇಕು. ಎಕ್ಕ ಮುಟ್ಟಿದ ಮೇಲೂ ಜೊತೆಗಾರರು ಕೊನೆಯವರಾಗಿ ಉಳಿದರೆ ಪೂರ್ತಿ ಗೆಲುವು ಸಿಗುವುದಿಲ್ಲ. ಮೊದಲ ಸ್ಥಾನಕ್ಕೆ ಎಷ್ಟು ಬೆಲೆ ಎಂಬುದನ್ನು ಹಿಂದೆ ಉಳಿದವರ ಸ್ಥಾನ ತೀರ್ಮಾನಿಸುತ್ತದೆ. ಗೆಳೆತನದ ಬಗ್ಗೆ ಉಪದೇಶ ಮಾಡದೆ, ಬರೀ ಲೆಕ್ಕದಿಂದ ಇಷ್ಟನ್ನು ಹೇಳಿಬಿಡುವುದು ಈ ಆಟಗಳ ದೊಡ್ಡ ಗುಣ.

ಟಿಚುವಿನಲ್ಲಿ ಆಟದ ಹೆಸರೇ ಒಂದು ಪಣ. ತಾನೇ ಮೊದಲು ಖಾಲಿಯಾಗುತ್ತೇನೆ ಎಂಬ ಭರವಸೆ ಇರುವವರು ತಮ್ಮ ಮೊದಲ ಎಲೆ ಇಳಿಸುವ ಮುಂಚೆ ‘ಟಿಚು’ ಎಂದು ಸಾರಬಹುದು. ಹೇಳಿದಂತೆ ನಡೆದರೆ ತಂಡಕ್ಕೆ 100 ಅಂಕ, ತಪ್ಪಿದರೆ 100 ಕಡಿತ. ಹದಿನಾಲ್ಕರಲ್ಲಿ ಎಂಟೇ ಎಲೆ ನೋಡಿ ಧೈರ್ಯ ಮಾಡುವವರಿಗೆ ‘ಗ್ರ್ಯಾಂಡ್ ಟಿಚು’ ಇದೆ. ಅದರ ಲಾಭನಷ್ಟ 200. ಈ ಪಣ ಹೊರನೋಟಕ್ಕೆ ಒಬ್ಬರ ಅಹಂಕಾರದ ಘೋಷಣೆಯಂತೆ ಕಂಡರೂ ಅದು ಬಿದ್ದ ಗಳಿಗೆಯಿಂದ ಕೆಲಸ ಶುರುವಾಗುವುದು ಎದುರಿಗೆ ಕೂತ ಜೊತೆಗಾರರಿಗೆ. ಯಾಕೆಂದರೆ ಪಣ ಹಾಕಿದವರಿಗಿಂತ ಮುಂಚೆ ಜೊತೆಗಾರರೇ ಖಾಲಿಯಾದರೂ ಪಣ ಸೋತಂತೆ. ನಿಮ್ಮ ಕೈಯಲ್ಲಿ ಎಷ್ಟೇ ಚೆಂದದ ಎಲೆಗಳಿರಲಿ, ಈಗ ನೀವು ಮುಂದೆ ಓಡುವಂತಿಲ್ಲ. ಜೊತೆಗಾರರು ಎಕ್ಕ ಹಾಕಿದಾಗ ನಿಮ್ಮ ಬಳಿ ಅದಕ್ಕಿಂತ ದೊಡ್ಡದಾದ ಡ್ರ್ಯಾಗನ್ ಇದ್ದರೂ ಪಾಸ್ ಎನ್ನಬೇಕು. ಎದುರಾಳಿಗಳು ಸುತ್ತನ್ನು ಕಸಿಯುವಾಗ ಮಾತ್ರ ನಿಮ್ಮ ದೊಡ್ಡ ಎಲೆಗಳನ್ನು ಖರ್ಚು ಮಾಡಬೇಕು. ಹೊಸಬರಿಗೆ ಇಲ್ಲಿ ತುಂಬ ಕಷ್ಟವಾಗುತ್ತದೆ. ಗೆಲ್ಲಬಲ್ಲ ಎಲೆ ಕೈಯಲ್ಲಿದ್ದಾಗ ಅದನ್ನು ಹಾಕಿಬಿಡಬೇಕೆಂಬ ತವಕ ಎಲ್ಲ ಇಸ್ಪೀಟ್ ಆಟಗಾರರಿಗೂ ಇರುವಂಥದ್ದು. ಅದನ್ನು ತಡೆದವರು ಈ ಆಟದಲ್ಲಿ ಪಳಗಿದವರು.

ಆಟ ಶುರುವಾಗುವ ಮೊದಲಿನ ಎಲೆ ವಿನಿಮಯವನ್ನು ಹತ್ತಿರದಿಂದ ನೋಡಿದರೆ ಇದೇ ತತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. ಟಿಚುವಿನಲ್ಲಿ ಹದಿನಾಲ್ಕು ಎಲೆ ಬಂದ ಮೇಲೆ ಪ್ರತಿಯೊಬ್ಬರೂ ಉಳಿದ ಮೂವರಿಗೆ ಒಂದೊಂದು ಎಲೆಯನ್ನು ಮಗುಚಿ ಕೊಡಬೇಕು. ತಮಗೇನು ಬರುತ್ತದೆಂದು ನೋಡುವ ಮೊದಲೇ ಕೊಟ್ಟುಬಿಡಬೇಕು. ಜೊತೆಗಾರರಿಗೆ ಒಳ್ಳೆಯ ಎಲೆ, ಎದುರಾಳಿಗಳಿಗೆ ಕೆಲಸಕ್ಕೆ ಬಾರದ ಎಲೆ ಎಂಬುದು ಸಹಜ. ಆದರೆ ಒಂದು ಅಪಾಯವಿದೆ. ನೀವೂ ನಿಮ್ಮ ಜೊತೆಗಾರರೂ ಒಬ್ಬರಿಗೊಬ್ಬರು ತಿಳಿಯದೆ ಒಬ್ಬನೇ ಎದುರಾಳಿಗೆ ನಾಲ್ಕರ ಎಲೆ ಕೊಟ್ಟರೆ ಅವನಿಗೆ ಪುಕ್ಕಟೆಯಾಗಿ ನಾಲ್ಕರ ಜೊತೆ ಸಿಕ್ಕಿತು. ಅವನ ಬಳಿ ಮೊದಲೇ ಎರಡು ನಾಲ್ಕಿದ್ದರೆ ಬಾಂಬೇ ಆಯಿತು. ಇದನ್ನು ತಪ್ಪಿಸಲು ಅನುಭವಿಗಳು ಒಂದು ಒಪ್ಪಂದ ಮಾಡಿಕೊಳ್ಳುತ್ತಾರೆ: ಇಬ್ಬರೂ ಎಡಗಡೆಯವರಿಗೆ ಬೆಸ ಸಂಖ್ಯೆ, ಬಲಗಡೆಯವರಿಗೆ ಸಮ ಸಂಖ್ಯೆ ಕೊಡುವುದು. ನಿಮ್ಮ ಎಡಗಡೆ ಕೂತವರು ನಿಮ್ಮ ಜೊತೆಗಾರರ ಬಲಗಡೆಗಿರುತ್ತಾರೆ. ಹಾಗಾಗಿ ಅವರಿಗೆ ನಿಮ್ಮಿಂದ ಬೆಸ, ನಿಮ್ಮ ಜೊತೆಗಾರರಿಂದ ಸಮ ಹೋಗುತ್ತದೆ. ಎರಡೂ ಒಂದೇ ಸಂಖ್ಯೆ ಆಗುವ ಸಾಧ್ಯತೆಯೇ ಇಲ್ಲ. ಆಟದ ನಡುವೆ ಎಲೆಗಳ ಬಗ್ಗೆ ಮಾತಾಡುವಂತಿಲ್ಲ ಎಂಬ ನಿಷೇಧದ ಒಳಗೇ ಇಬ್ಬರು ಕೂಡಿ ಯೋಚಿಸಬಹುದು ಎನ್ನುವುದಕ್ಕೆ ಇಷ್ಟು ಚಿಕ್ಕ, ಇಷ್ಟು ಪರಿಪೂರ್ಣ ಉದಾಹರಣೆ ಸಿಗುವುದು ಅಪರೂಪ. ಮೊದಲೇ ಒಪ್ಪಿಕೊಂಡ ಒಂದು ಸಾಲಿನ ಕಟ್ಟಳೆ, ಅದನ್ನು ಜೊತೆಗಾರರೂ ಪಾಲಿಸುತ್ತಾರೆಂಬ ನಂಬಿಕೆ, ಇವೆರಡರಿಂದಲೇ ಇದು ನಡೆಯುತ್ತದೆ.

ಜೋಡಿಯಾಟ ಬೇಕೆಂದರೆ ಬ್ರಿಜ್ ಇದೆ, ಇಪ್ಪತ್ತೆಂಟಿದೆ, ಹೊಸದೇಕೆ ಎಂದು ಕೇಳಬಹುದು. ಬ್ರಿಜ್‌ನ ಹಿರಿಮೆ ಅಲ್ಲಗಳೆಯುವಂಥದ್ದಲ್ಲ. ಕೂಗಿನ ಮೂಲಕ ಜೊತೆಗಾರರಿಗೆ ಮಾಹಿತಿ ತಿಳಿಸುವ ಕಲೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಆ ಆಟಗಳಲ್ಲಿ ನಿಮ್ಮ ಸರದಿ ಬಂದಾಗ ಎಲೆ ಹಾಕಲೇಬೇಕು. ಕೇಳಿದ ಬಣ್ಣದ ಎಲೆ ಇದ್ದರೆ ಅದನ್ನೇ ಹಾಕಬೇಕು. ಬ್ರಿಜ್‌ನಲ್ಲಿ ಕೂಗು ಮುಗಿದು ಮೊದಲ ಎಲೆ ಬಿದ್ದ ಮೇಲಂತೂ ಗೆದ್ದ ಕಡೆಯ ಒಬ್ಬರು ತಮ್ಮ ಎಲೆಗಳನ್ನು ಮೇಜಿನ ಮೇಲೆ ಹರಡಿ ಪ್ರೇಕ್ಷಕರಾಗುತ್ತಾರೆ. ಎಲೆಯ ಮೇಲೆ ಎಲೆ ಏರುತ್ತ ಹೋಗುವ ಗ್ವಾನ್‌ದಾನ್, ಟಿಚುಗಳಲ್ಲಿ ಹಾಗಲ್ಲ. ಬೇರೆಯವರು ಶುರುಮಾಡಿದ ಸುತ್ತಿನಲ್ಲಿ, ಎಂಥ ಎಲೆ ಕೈಯಲ್ಲಿದ್ದರೂ, ಹಾಕದೆ ಇರುವ ಹಕ್ಕು ಸಾಮಾನ್ಯವಾಗಿ ನಿಮಗಿದೆ. ಆದ್ದರಿಂದ ಪಾಸ್ ಎನ್ನುವುದಕ್ಕೂ ಅರ್ಥ ಬರುತ್ತದೆ. ‘ನನ್ನ ಬಳಿ ಇಲ್ಲ’ ಎಂದಿರಬಹುದು, ‘ಇದೆ, ಆದರೆ ಈ ಸುತ್ತು ನಿಮ್ಮದಾಗಲಿ’ ಎಂದಿರಬಹುದು, ‘ಇದನ್ನು ಮುಂದಿನ ಅಪಾಯಕ್ಕೆ ಇಟ್ಟುಕೊಂಡಿದ್ದೇನೆ’ ಎಂದಿರಬಹುದು. ಇವುಗಳಲ್ಲಿ ಯಾವುದೆಂದು ಜೊತೆಗಾರರು ಅದುವರೆಗೆ ಬಿದ್ದ ಎಲೆಗಳನ್ನು ನೆನೆದು ಊಹಿಸಬೇಕು. ಗ್ವಾನ್‌ದಾನ್‌ನಲ್ಲಿ ಹತ್ತು ಅಥವಾ ಅದಕ್ಕಿಂತ ಕಡಿಮೆ ಎಲೆ ಉಳಿದಾಗ ಸಂಖ್ಯೆಯನ್ನು ಎಲ್ಲರಿಗೂ ಹೇಳಬೇಕೆಂಬ ನಿಯಮವಿದೆ. ಆ ಒಂದು ಸಂಖ್ಯೆ ಕೇಳಿದೊಡನೆ ಜೊತೆಗಾರರ ಪಾತ್ರ ಬದಲಾಗುತ್ತದೆ: ಐದು ಎಂದರೆ ಸೀಕ್ವೆನ್ಸ್ ಇದ್ದೀತೇ, ಎರಡು ಎಂದರೆ ಒಂದೇ ಸಂಖ್ಯೆಯ ಜೊತೆಯೇ ಅಥವಾ ಎರಡು ಒಂಟಿ ಎಲೆಗಳೇ, ಯಾವುದನ್ನು ಇಳಿಸಿದರೆ ಅವರು ಏರಿ ಪಾರಾಗುತ್ತಾರೆ ಎಂದು ಲೆಕ್ಕ ಹಾಕತೊಡಗುತ್ತಾರೆ.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಟಿಚು ಆಟ. ನಿಮ್ಮ ಜೊತೆಗಾರರು ಪಣ ಹಾಕಿದ್ದಾರೆ. ಅವರ ಕೈಯಲ್ಲಿ ಉಳಿದಿರುವುದು ಏಳು, ಎಂಟು, ಒಂಬತ್ತು, ಹತ್ತು, ಗುಲಾಮ, ಒಂದು ಸೀಕ್ವೆನ್ಸ್. ಸುತ್ತು ಶುರುಮಾಡುವ ಹಕ್ಕು ಸಿಕ್ಕರೆ ಒಂದೇ ಏಟಿಗೆ ಐದೂ ಇಳಿಸಿ ಮುಗಿಸುತ್ತಾರೆ. ಸಿಗದಿದ್ದರೆ ಏನೂ ಮಾಡಲಾರರು. ಎದುರಾಳಿಯೊಬ್ಬರು ಎಕ್ಕ ಹಾಕಿದ್ದಾರೆ, ಅವರ ಬಳಿ ಇನ್ನೊಂದೇ ಎಲೆ. ಯಾರೂ ಹೊಡೆಯದಿದ್ದರೆ ಮುಂದಿನ ಸುತ್ತನ್ನು ಅವರೇ ಶುರುಮಾಡಿ ಖಾಲಿಯಾಗುತ್ತಾರೆ, ಪಣ ಮುಳುಗುತ್ತದೆ. ನಿಮ್ಮ ಬಳಿ ನಾಲ್ಕು ಮೂರುಗಳ ಬಾಂಬ್ ಇದೆ, ನಾಯಿಯ ಎಲೆ ಇದೆ, ಜೊತೆಗೆ ಒಂದಕ್ಕೊಂದು ಹೊಂದದ ಕೆಲವು ಸಣ್ಣ ಎಲೆಗಳು. ನಾಯಿಗೆ ಯಾವ ಅಂಕವೂ ಇಲ್ಲ, ಯಾವ ಎಲೆಯನ್ನೂ ಅದು ಹೊಡೆಯದು. ನಿಮ್ಮ ಸರದಿಯಲ್ಲಿ ಸುತ್ತಿನ ಮೊದಲ ಎಲೆಯಾಗಿ ಇಳಿಸಿದರೆ ಸುತ್ತು ಶುರುಮಾಡುವ ಹಕ್ಕನ್ನು ಜೊತೆಗಾರರಿಗೆ ದಾಟಿಸುವುದಷ್ಟೇ ಅದರ ಕೆಲಸ. ನೀವು ಬಾಂಬ್ ಹಾಕಿ ಎಕ್ಕವನ್ನು ಹೊಡೆಯುತ್ತೀರಿ. ಅದಕ್ಕಿಂತ ದೊಡ್ಡ ಬಾಂಬ್ ಯಾರಲ್ಲೂ ಇಲ್ಲ. ಮರುಗಳಿಗೆ ನಾಯಿಯನ್ನು ಇಳಿಸುತ್ತೀರಿ. ಜೊತೆಗಾರರು ಸೀಕ್ವೆನ್ಸ್ ಹಾಕಿ ಮೊದಲಿಗರಾಗಿ ಪಾರಾಗುತ್ತಾರೆ. ನಿಮ್ಮ ಕೈಯಲ್ಲಿ ಸಣ್ಣ ಎಲೆಗಳೇ ಉಳಿದವು, ನೀವು ಕೊನೆಯವರಾಗುವುದು ಹೆಚ್ಚು ಕಡಿಮೆ ಖಚಿತ. ಆದರೂ ತಂಡಕ್ಕೆ 100 ಅಂಕ ಬಂತು. ಕೊನೆಯವರು ಗೆದ್ದ ಸುತ್ತುಗಳ ಎಲೆಗಳು ಮೊದಲು ಖಾಲಿಯಾದವರಿಗೆ ಸೇರಬೇಕೆಂಬ ನಿಯಮವಿರುವುದರಿಂದ ನೀವು ಬಾಂಬ್ ಹಾಕಿ ಗೆದ್ದ ಎಲೆಗಳು ನಿಮ್ಮ ಜೊತೆಗಾರರಿಗೇ ಹೋಗುತ್ತವೆ. ಈ ಕೈಯಾಟದಲ್ಲಿ ಅತಿ ಒಳ್ಳೆಯ ಆಟ ಆಡಿದವರು ಯಾರು ಎಂದರೆ ಮೇಜಿನ ಸುತ್ತ ಇರುವ ನಾಲ್ವರೂ ಕೊನೆಯ ಸ್ಥಾನದವರ ಕಡೆಗೇ ನೋಡುತ್ತಾರೆ.

ಎಲೆಯಾಟವೆಂದರೆ ಅದೃಷ್ಟ, ಇದರಲ್ಲಿ ಇಷ್ಟೆಲ್ಲ ಬುದ್ಧಿ ಎಲ್ಲಿಂದ ಬಂತು ಎಂಬುದು ಮೊದಲ ಆಕ್ಷೇಪ. ಎಲೆ ಹಂಚುವುದರಲ್ಲಿ ಅದೃಷ್ಟವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಗ್ವಾನ್‌ದಾನ್‌ನಲ್ಲಂತೂ ಸೋತವರು ಮುಂದಿನ ಕೈಯಾಟದಲ್ಲಿ ತಮ್ಮ ಅತಿ ದೊಡ್ಡ ಎಲೆಯನ್ನು ಗೆದ್ದವರಿಗೆ ಕಪ್ಪವಾಗಿ ಕೊಟ್ಟು, ಹತ್ತು ಅಥವಾ ಅದಕ್ಕಿಂತ ಸಣ್ಣದೊಂದನ್ನು ವಾಪಸು ಪಡೆಯಬೇಕು; ಇದ್ದವರಿಗೇ ಇನ್ನಷ್ಟು ಸೇರುವ ಈ ಪದ್ಧತಿ ಅನ್ಯಾಯವೆಂದು ತೋರಬಹುದು. ಸೋತ ಕಡೆಯವರಲ್ಲಿ ಎರಡೂ ದೊಡ್ಡ ಜೋಕರ್‌ಗಳಿದ್ದರೆ ಕಪ್ಪ ಕೊಡಬೇಕಾಗಿಲ್ಲ ಎಂಬ ವಿನಾಯಿತಿ ಇದೆಯಾದರೂ ಅದೂ ಅದೃಷ್ಟವೇ. ನನ್ನ ಉತ್ತರ ಎರಡು. ಒಂದು, ಟಿಚು ಒಂದೇ ಕೈಯಾಟಕ್ಕೆ ಮುಗಿಯುವುದಿಲ್ಲ. 1000 ಅಂಕ ಮುಟ್ಟುವ ತನಕ ನಡೆಯುತ್ತದೆ. ಅಷ್ಟು ಸಲ ಎಲೆ ಕಲೆಸಿ ಹಂಚಿದ ಮೇಲೆ ಒಳ್ಳೆಯ ಕೈ ಕೆಟ್ಟ ಕೈ ಎರಡೂ ಕಡೆಗೆ ಹೋಗಿರುತ್ತವೆ. ಇನ್ನೊಂದು, ಮತ್ತು ಇದೇ ಮುಖ್ಯವಾದದ್ದು: ಒಂಟಿಯಾಗಿ ಆಡುವ ಆಟಗಳಲ್ಲಿ ಕೆಟ್ಟ ಎಲೆ ಬಂದವರು ಆ ಕೈಯಾಟ ಮುಗಿಯುವುದನ್ನೇ ಕಾಯುತ್ತ ಕೂರಬೇಕು. ಇಲ್ಲಿ ಕೆಟ್ಟ ಕೈಗೂ ಮಾಡಲು ಕೆಲಸವಿದೆ. ಡ್ರ್ಯಾಗನ್ ಅಥವಾ ಎಕ್ಕ ಒಂದಿದ್ದು ಉಳಿದದ್ದೆಲ್ಲ ಕಸವಾಗಿದ್ದರೆ ವಿನಿಮಯದಲ್ಲಿ ಆ ಒಂದನ್ನು ಜೊತೆಗಾರರಿಗೆ ದಾಟಿಸಬಹುದು. ಎದುರಾಳಿಯ ಪಣವನ್ನು ಮುರಿಯಲು ಸರಿಯಾದ ಹೊತ್ತಿಗೆ ಅಡ್ಡ ಹಾಕಬಹುದು. ಅದೃಷ್ಟ ಕೈಕೊಟ್ಟವರಿಗೂ ಘನತೆಯ ಪಾತ್ರವೊಂದನ್ನು ಕೊಡುವ ಆಟವನ್ನು ಬರೀ ಅದೃಷ್ಟದಾಟ ಎನ್ನಲಾಗದು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಜೋಡಿಯಾಟ ಸ್ನೇಹ ಬೆಳೆಸುತ್ತದೆ ಎನ್ನುತ್ತೀರಿ, ಆದರೆ ಆಟ ಮುಗಿದ ಮೇಲೆ ‘ನೀನು ಅದನ್ನು ಯಾಕೆ ಹಾಕಿದೆ’ ಎಂದು ಜಗಳವಾಡುವವರು ಎದುರಾಳಿಗಳಲ್ಲ, ಜೊತೆಗಾರರೇ ಅಲ್ಲವೇ? ನಿಜ. ಒಬ್ಬರ ತಪ್ಪಿಗೆ ಇಬ್ಬರೂ ದಂಡ ತೆರುವ ಕಡೆ ದೂರು ಹುಟ್ಟುವುದು ಸಹಜ. ಅದರಲ್ಲೂ ಚೆನ್ನಾಗಿ ಆಡಬಲ್ಲವರು ಹೊಸಬರನ್ನು ಗದರಿದರೆ ಆಟದ ಉದ್ದೇಶವೇ ಹಾಳಾಗುತ್ತದೆ. ಆದರೆ ಆ ಜಗಳದ ಮೂಲದಲ್ಲಿ ಬಹುಮಟ್ಟಿಗೆ ಇರುವುದು, ತನಗೆ ಕಾಣುತ್ತಿರುವುದು ಜೊತೆಗಾರರಿಗೂ ಕಾಣುತ್ತಿದೆ ಎಂಬ ತಪ್ಪು ಎಣಿಕೆ. ನಿಮ್ಮ ಕೈಯ ಎಲೆ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅವರು ಹಾಕಿದ ಎಲೆ ಅವರ ಕಣ್ಣಿನಿಂದ ಸರಿಯೇ ಇತ್ತೇ ಎಂದು ಕೇಳಿಕೊಳ್ಳುವ ಅಭ್ಯಾಸ ಬಂದರೆ ದೂರು ಬಹಳಷ್ಟು ಕರಗುತ್ತದೆ. ಮತ್ತು ಆ ಅಭ್ಯಾಸ ಮೇಜಿನಿಂದ ಎದ್ದ ಮೇಲೂ ಉಪಯೋಗಕ್ಕೆ ಬರುವಂಥದ್ದು. ಪ್ರಾಯೋಗಿಕ ಪರಿಹಾರವೂ ಇದೆ. ನಾಲ್ವರನ್ನು ಎರಡು ಜೋಡಿಯಾಗಿ ಮೂರೇ ವಿಧದಲ್ಲಿ ಕೂರಿಸಲು ಸಾಧ್ಯ. ಮೂರು ಆಟಗಳಲ್ಲಿ ಜೋಡಿ ಬದಲಿಸುತ್ತ ಹೋದರೆ ಪ್ರತಿಯೊಬ್ಬರೂ ಉಳಿದ ಮೂವರ ಜೊತೆಗಾರರಾಗಿರುತ್ತಾರೆ. ನಿನ್ನೆಯ ಎದುರಾಳಿಯೇ ಇವತ್ತಿನ ಜೊತೆಗಾರರಾದಾಗ ಅವರ ಆಟವನ್ನು ಒಳಗಿನಿಂದ ನೋಡುವ ಅವಕಾಶ ಸಿಗುತ್ತದೆ.

ಮೂರನೆಯದು ಚೀನಾದಲ್ಲೇ ಎದ್ದ ಟೀಕೆ. ಊಟಕ್ಕೆ ಮುಂಚೆ ಒಂದು ಸುತ್ತು ಗ್ವಾನ್‌ದಾನ್ ಆಡದಿದ್ದರೆ ಊಟ ಮಾಡಿದಂತೆಯೇ ಅಲ್ಲ ಎಂಬ ಮಾತು ಅಲ್ಲಿ ಹುಟ್ಟುವಷ್ಟು ಈ ಆಟ ವ್ಯಾಪಾರಿಗಳ, ಅಧಿಕಾರಿಗಳ ಔತಣಕೂಟಗಳಿಗೆ ಹಬ್ಬಿತು. 2017ರಲ್ಲಿ ಚೀನಾದ ಕ್ರೀಡಾ ಆಡಳಿತ ಅದಕ್ಕೆ ಸ್ಪರ್ಧಾ ನಿಯಮಗಳನ್ನು ರೂಪಿಸಿತು. 2023ರಲ್ಲಿ ಹೆಫೇ ನಗರದಲ್ಲಿ ನಡೆದ ರಾಷ್ಟ್ರೀಯ ಬೌದ್ಧಿಕ ಕ್ರೀಡಾಕೂಟದಲ್ಲಿ ಪ್ರದರ್ಶನ ಸ್ಪರ್ಧೆಯಾಗಿಯೂ ಸೇರಿತು. ಆದರೆ 2024ರ ಆಗಸ್ಟ್‌ನಲ್ಲಿ ಬೀಜಿಂಗ್ ಯೂತ್ ಡೈಲಿ ಪತ್ರಿಕೆ ಸಾಲಾಗಿ ಟೀಕೆಗಳನ್ನು ಪ್ರಕಟಿಸಿತು: ಈ ಗೀಳು ಜನರ ಉತ್ಸಾಹ ಕುಂದಿಸುತ್ತದೆ, ಅಧಿಕಾರಿಗಳ ನಡುವೆ ಸಣ್ಣ ಸಣ್ಣ ಗುಂಪು ಕಟ್ಟಲು ನೆಪವಾಗುತ್ತದೆ ಎಂದು. ಈ ಟೀಕೆಯಲ್ಲಿ ಹುರುಳಿದೆ. ಮೇಲಧಿಕಾರಿಯ ಎದುರಿಗೆ ಕೂತು ಬೇಕೆಂದೇ ಸೋಲುವವರ ಪಾಸ್ ಕೂಡ ಹೊರನೋಟಕ್ಕೆ ಗೆಳೆಯರ ಪಾಸ್‌ನಂತೆಯೇ ಇರುತ್ತದೆ. ಆದರೆ ಇದರಿಂದ ತಿಳಿಯುವುದು ಆಟ ಕೆಟ್ಟದೆಂದಲ್ಲ. ಸಮಾನರಲ್ಲದವರ ನಡುವೆ ಆಡಿದಾಗ ಅದರ ತಿರುಳೇ ಕಳೆದುಹೋಗುತ್ತದೆ ಎಂದು. ಬಿಟ್ಟುಕೊಡುವುದಕ್ಕೆ ಬೆಲೆ ಬರಬೇಕಾದರೆ ಬಿಟ್ಟುಕೊಡದಿರುವ ಸ್ವಾತಂತ್ರ್ಯವೂ ಇರಬೇಕು. ಭಯದಿಂದ, ಲಾಭದ ಆಸೆಯಿಂದ ಪಾಸ್ ಎಂದರೆ ಅದರಲ್ಲಿ ಓದಲು ಏನೂ ಉಳಿಯುವುದಿಲ್ಲ. ಈ ಆಟಕ್ಕೆ ಸರಿಯಾದ ಜಾಗ ಗೆಳೆಯರ ಕೂಟವೇ ಎಂಬ ನನ್ನ ಮಾತನ್ನು ಚೀನಾದ ಈ ಅನುಭವ ಗಟ್ಟಿಗೊಳಿಸುತ್ತದೆ.

ನಮ್ಮಲ್ಲಿ ಏಳುವ ಆಕ್ಷೇಪ ಬೇರೆ. ಇಸ್ಪೀಟ್ ಎಂದೊಡನೆ ಕನ್ನಡ ಪತ್ರಿಕೆ ಓದುವವರಿಗೆ ನೆನಪಾಗುವುದು ಜೂಜು ಅಡ್ಡೆಯ ಮೇಲೆ ದಾಳಿ, ಅಂದರ್ ಬಾಹರ್, ನಗದು ವಶ ಎಂಬ ಸುದ್ದಿಗಳು. ಎಷ್ಟೋ ಮನೆಗಳನ್ನು ಎಲೆಯ ಜೂಜು ಹಾಳುಮಾಡಿದೆ. ಆ ಸಂಕಟವನ್ನು ಹಗುರಾಗಿ ಕಾಣುವಂತಿಲ್ಲ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಆದರೂ ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳಿಂದಾದ ಹಾನಿ ಕಂಡು 2025ರಲ್ಲಿ ಕೇಂದ್ರ ಸರ್ಕಾರ ತಂದ ಕಾಯ್ದೆ, ಕೌಶಲವಿರಲಿ ಅದೃಷ್ಟವಿರಲಿ, ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಕೌಶಲವಿದೆ ಎಂದ ಮಾತ್ರಕ್ಕೆ ಆಟ ನಿರಪಾಯಕಾರಿ ಆಗುವುದಿಲ್ಲ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗೆಯೇ ಯಾವ ಆಟಕ್ಕಾದರೂ ಹಣ ಕಟ್ಟಬಹುದು, ಇದಕ್ಕೂ. ಆದರೆ ಜೂಜಿಗೆ ಬೇಕಾದದ್ದು ಬೇಗ ಮುಗಿಯುವ, ಒಬ್ಬೊಬ್ಬರ ಲಾಭನಷ್ಟ ಆಗಿಂದಾಗಲೇ ತೀರುವ ಆಟ. ಟಿಚು ಸಾವಿರ ಅಂಕದವರೆಗೆ ನಿಧಾನವಾಗಿ ನಡೆಯುತ್ತದೆ; ಅದರ ಫಲವನ್ನು ಇಬ್ಬರಲ್ಲಿ ಇದು ನಿನ್ನದು ಇದು ನನ್ನದು ಎಂದು ಬಿಡಿಸಿ ಹೇಳಲಾಗದು. ಪಣ ಅಂಕದ್ದೇ ಆಗಿರುವುದರಿಂದ ರೋಮಾಂಚನಕ್ಕೆ ದುಡ್ಡು ಬೇಕಾಗಿಯೂ ಇಲ್ಲ. ಗೆಳೆಯರ ಮನೆಯಲ್ಲಿ ಹಣವಿಲ್ಲದೆ ಆಡುವ ಆಟವನ್ನು ಅಡ್ಡೆಯ ಜೂಜಿನ ಜೊತೆ ಒಂದೇ ಗೂಟಕ್ಕೆ ಕಟ್ಟಿದರೆ, ಜನ ಒಟ್ಟಿಗೆ ಕೂತು ಮುಖ ನೋಡಿ ಆಡುವ ಒಳ್ಳೆಯ ಅವಕಾಶವೊಂದನ್ನು ಕಳೆದುಕೊಳ್ಳುತ್ತೇವೆ.

ನಿಯಮಗಳು ಜಾಸ್ತಿ, ಕಲಿಯುವುದು ಕಷ್ಟ ಎಂಬ ಮಾತಿಗೆ ಉತ್ತರ ಸುಲಭ. ಇಪ್ಪತ್ತೆಂಟರಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು ಎಂಬುದನ್ನೂ ಅದರ ಕೂಗಿನ ಲೆಕ್ಕವನ್ನೂ ಕಲಿತವರಿಗೆ ಇದು ಹೊರೆಯಾಗದು. ಎರಡು ಕಟ್ಟು ಮಾಮೂಲಿ ಎಲೆಗಳಿದ್ದರೆ ಗ್ವಾನ್‌ದಾನ್ ಆಡಬಹುದು. ಒಂದು ಕಟ್ಟಿಗೆ ನಾಲ್ಕು ಜೋಕರ್ ಸೇರಿಸಿ, ಒಂದೊಂದರ ಮೇಲೆ ಡ್ರ್ಯಾಗನ್, ಫೀನಿಕ್ಸ್, ನಾಯಿ, ಮಾಜಾಂಗ್ ಎಂದು ಬರೆದುಕೊಂಡರೆ ಟಿಚು ಆಡಬಹುದು. ಮೊದಲ ಕೆಲವು ಕೈಯಾಟಗಳನ್ನು ಪಣ ಹಾಕದೆ ಆಡಿ. ಬಾಂಬ್, ನಾಯಿ, ವಿನಿಮಯ ಇವು ಕೈಗೆ ಹತ್ತಿದ ಮೇಲೆ ಪಣಕ್ಕೆ ಇಳಿಯಿರಿ. ಶುರುವಿನಲ್ಲಿ ಎಲ್ಲರೂ ದೊಡ್ಡ ಎಲೆಗಳನ್ನು ಬೇಗ ಹಾಕಿ ತಾವೇ ಗೆಲ್ಲಲು ನೋಡುತ್ತಾರೆ, ಅಂಕಪಟ್ಟಿ ಅವರನ್ನು ತಾನಾಗಿಯೇ ತಿದ್ದುತ್ತದೆ. ಟಿಚುವಿನಲ್ಲಿ ಅತಿ ದೊಡ್ಡ ಎಲೆಯಾದ ಡ್ರ್ಯಾಗನ್ ಹಾಕಿ ಗೆದ್ದ ಸುತ್ತಿನ ಎಲೆಗಳನ್ನು ಎದುರಾಳಿಗಳಲ್ಲಿ ಒಬ್ಬರಿಗೆ ಕೊಟ್ಟುಬಿಡಬೇಕು. ಅತಿ ದೊಡ್ಡ ಬಲವನ್ನು ಬಳಸಿದವರಿಗೆ ಹಕ್ಕು ಸಿಗುತ್ತದೆ, ಕೊಳ್ಳೆ ಸಿಗುವುದಿಲ್ಲ. ಬಲವನ್ನು ಎಲ್ಲಿ ಖರ್ಚು ಮಾಡಬೇಕು, ಯಾರಿಗಾಗಿ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬ ವಿವೇಕವನ್ನು ಮಾತಿನಿಂದ ಕಲಿಸುವುದು ಕಷ್ಟ. ಪದೇ ಪದೇ ಅದನ್ನು ಬೇಡುವ, ಪಾಲಿಸಿದವರಿಗೆ ಗೆಲುವು ಕೊಡುವ ಆಟವೊಂದು ನಾಲ್ಕು ಜನ, ಎರಡು ಕಟ್ಟು ಎಲೆ ಇದ್ದರೆ ಸಾಕು ಎನ್ನುವಷ್ಟು ಅಗ್ಗವಾಗಿದೆ. ಇಪ್ಪತ್ತೆಂಟು ಆಡುವ ಮನೆಗಳಲ್ಲಿ ಅದರ ಪಕ್ಕದಲ್ಲೇ ಇದಕ್ಕೂ ಒಂದು ಸಂಜೆ ಸಲ್ಲಬೇಕು.